ಅಳತೆಗೋಲಿಗೆ ಸಿಗದ ಆಟಗಾರ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನ ಅಭ್ಯಾಸ ಲೇಖನ)

ಆಟವೆಂದರೆ ಮೈಬಲ, ಮೈಬಲವೆಂದರೆ ಎತ್ತರ ಮತ್ತು ಗಾತ್ರ ಎಂಬ ತಿಳುವಳಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ನಮ್ಮ ಮುಧೋಳ-ಜಮಖಂಡಿ ಸೀಮೆಯಲ್ಲಿ ಹುಡುಗನೊಬ್ಬನು ಗರಡಿಮನೆಯ ಬಾಗಿಲಿಗೆ ಹೋಗಿ ನಿಂತರೆ ಹಿರಿಯರು ಮೊದಲು ನೋಡುವದು ಅವನ ತೋಳು, ಎದೆ, ತೊಡೆಗಳನ್ನು. ಅವನ ಕಣ್ಣುಗಳನ್ನು ನೋಡುವವರು ಕಡಿಮೆ. ಇದು ತಪ್ಪೆಂದು ನಾನು ಹೇಳುವದಿಲ್ಲ. ಕಣ್ಣಿಗೆ ಕಾಣುವದನ್ನೇ ಅಲ್ಲವೆ ಮನುಷ್ಯನು ಮೊದಲು ಅಳೆಯುವದು? ಆದರೆ ಕಣ್ಣಿಗೆ ಕಾಣದ ಗುಣವೊಂದು ಆಟದಲ್ಲಿ ಉಂಟು. ಅದು ಅಳತೆಗೋಲಿಗೆ ಸಿಗುವದಿಲ್ಲ. ಆ ಗುಣದ ಬಲದಿಂದಲೇ ಬದುಕು ಕಟ್ಟಿದ ಒಬ್ಬ ಅಮೇರಿಕದ ಆಟಗಾರನ ಕಥೆಯನ್ನು ಈ ಲೇಖನದಲ್ಲಿ ಹೇಳಬಯಸುತ್ತೇನೆ.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಒಂದು ಸ್ವಂತ ಕಾರಣವೂ ಇದೆ. ಎರಡು ವರ್ಷಗಳ ಹಿಂದೆ ಒಂದು ಕಬಡ್ಡಿ ತಂಡದ ಆಯ್ಕೆಗೆ ನಾನು ಹೋಗಿದ್ದೆ. ಸುಮಾರು ಅರವತ್ತು ಹುಡುಗರು ಸಾಲಾಗಿ ನಿಂತಿದ್ದೆವು. ಆಯ್ಕೆಗೆ ಬಂದ ಹಿರಿಯರೊಬ್ಬರು ಸಾಲಿನುದ್ದಕ್ಕೂ ನೋಡುತ್ತ ಬಂದು, ನನ್ನ ಮುಂದೆ ಒಂದು ಕ್ಷಣ ನಿಂತು, “ತಮ್ಮಾ, ನೀ ಭಾಳ ಗಿಡ್ಡ ಅದಿ, ಆ ಕಡೆ ನಿಂದರು” ಎಂದರು. ನಾನು ಆ ಕಡೆ ನಿಂತೆ. ಅಂಕಣದ ಮಣ್ಣನ್ನು ತುಳಿಯುವ ಪ್ರಸಂಗವೇ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅರವತ್ತು ಹುಡುಗರನ್ನು ಒಂದೇ ಮಧ್ಯಾಹ್ನದಲ್ಲಿ ನೋಡಿ ಮುಗಿಸಬೇಕಾದವರು ಮತ್ತೇನು ಮಾಡಬೇಕು? ಆದರೂ ಆ ದಿನ ಬಸ್ಸಿನಲ್ಲಿ ತಿಮ್ಮಾಪುರಕ್ಕೆ ಮರಳುವಾಗ, ದಾರಿಯ ಎರಡೂ ಬದಿಗೆ ಆಳೆತ್ತರ ಬೆಳೆದು ನಿಂತ ಕಬ್ಬು ಕೂಡ ನನ್ನನ್ನು ಅಣಕಿಸಿದಂತೆ ತೋರಿತು. ಮುಂದೆ ಕೆಲವು ತಿಂಗಳ ಮೇಲೆ ಸ್ಯಾಮ್ ಮಿಲ್ಸ್ ಎಂಬ ಹೆಸರು ಓದಿನಲ್ಲಿ ಕಣ್ಣಿಗೆ ಬಿದ್ದಿತು. ಐದು ಅಡಿ ಒಂಬತ್ತು ಅಂಗುಲದ ಮನುಷ್ಯ. ನಮ್ಮೂರಲ್ಲಾದರೆ ಯಾರೂ ಅವನನ್ನು ಗಿಡ್ಡನೆನ್ನುವದಿಲ್ಲ. ಆದರೆ ಅವನು ಆಡಬಯಸಿದ ಆಟದಲ್ಲಿ, ಅವನು ನಿಲ್ಲಬಯಸಿದ ಸ್ಥಾನದಲ್ಲಿ, ಆರಡಿಗೆ ಕಡಿಮೆಯಿದ್ದವನನ್ನು ಕುಳ್ಳನೆಂದೇ ಎಣಿಸುತ್ತಿದ್ದರು.

ಆಟದ ಸ್ವರೂಪ

ಅಮೇರಿಕನ್ ಫುಟ್ಬಾಲ್ ಎಂದೊಡನೆ ನಮಗೆ ಕಾಲಿನಿಂದ ಚೆಂಡನ್ನು ಒದೆಯುವ ಆಟವು ನೆನಪಾಗುತ್ತದೆ. ಆದರೆ ಇದು ಬೇರೆ. ಇದು ರಗ್ಬಿ ಆಟದಿಂದ ಹುಟ್ಟಿದ್ದು. 1880ರಿಂದ ಮುಂದಿನ ವರ್ಷಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಎಂಬಾತನು ಅದರ ನಿಯಮಗಳನ್ನು ತಿದ್ದಿ ಈಗಿನ ರೂಪಕ್ಕೆ ಅಡಿಗಲ್ಲನ್ನಿಟ್ಟನು. ಚೆಂಡು ದುಂಡಗಿಲ್ಲ, ಸುಲಿದ ತೆಂಗಿನಕಾಯಿಯಂತೆ ಉದ್ದುದ್ದ. ಮೈದಾನವು 100 ಗಜ ಉದ್ದ, 53 ಗಜಕ್ಕೆ ತುಸು ಮೇಲೆ ಅಗಲ. ಪಕ್ಷಕ್ಕೆ 11 ಜನ.

ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷಕ್ಕೆ ನಾಲ್ಕು ಸಲ ಪ್ರಯತ್ನಿಸುವ ಅವಕಾಶ. ಆ ನಾಲ್ಕರೊಳಗೆ ಅವರು 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶಗಳು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎತ್ತಿಕೊಂಡು ಓಡಬಹುದು, ಇಲ್ಲವೆ ಮುಂದಿರುವ ಜೊತೆಗಾರನಿಗೆ ಎಸೆಯಬಹುದು. ಎದುರು ಪಕ್ಷದ ಕೊನೆಯ ಗೆರೆಯನ್ನು ದಾಟಿದರೆ 6 ಅಂಕ. ತಡೆಯುವ ಪಕ್ಷದ ಕೆಲಸವು ಹೇಳಲು ಸುಲಭ: ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಬೇಕು. ಮಾಡಲು ಎಷ್ಟು ಕಠಿಣವೆಂಬುದನ್ನು ನೋಡಿದವರೇ ಬಲ್ಲರು. ಓಡುವವನು ನೂರು ಕಿಲೊ ತೂಕದವನು. ಅವನಿಗೆ ದಾರಿ ಮಾಡಿಕೊಡಲು ಮುಂದೆ ನುಗ್ಗುವವರು ಅವನಿಗಿಂತಲೂ ದೊಡ್ಡವರು.

ಸಾಲಿನ ಹಿಂದಿನ ಕಾವಲುಗಾರ

ತಡೆಯುವ ಪಕ್ಷವು ಮೂರು ಪದರಾಗಿ ನಿಲ್ಲುತ್ತದೆ. ಎಲ್ಲಕ್ಕೂ ಮುಂದೆ ಭಾರಿ ಮೈಯವರ ಸಾಲು. ಅವರು ಎದುರಿನ ಸಾಲಿನೊಂದಿಗೆ ಹೋರಿಗಳಂತೆ ತಲೆಗೆ ತಲೆ ಕೊಟ್ಟು ನೂಕುವವರು. ಎಲ್ಲಕ್ಕೂ ಹಿಂದೆ ವೇಗದ ಓಟಗಾರರು. ಅವರು ಎಸೆದ ಚೆಂಡನ್ನು ತಡೆಯುವವರು. ಈ ಎರಡರ ನಡುವೆ ನಿಲ್ಲುವವನೇ ಲೈನ್‌ಬ್ಯಾಕರ್, ಅಂದರೆ ಸಾಲಿನ ಹಿಂದಿನ ಕಾವಲುಗಾರ. ಅವನು ಮುಂದಿನವರಂತೆ ಬಲಶಾಲಿಯೂ ಹಿಂದಿನವರಂತೆ ವೇಗಿಯೂ ಆಗಿರಬೇಕು. ಎದುರಾಳಿಯು ಓಡಿಬಂದರೆ ಮುನ್ನುಗ್ಗಿ ಹಿಡಿಯಬೇಕು. ಚೆಂಡನ್ನು ಎಸೆದರೆ ಹಿಂದೆ ಸರಿದು ತಡೆಯಬೇಕು. ಯಾವುದನ್ನು ಮಾಡಬೇಕೆಂದು ನಿರ್ಧರಿಸಲು ಅವನಿಗೆ ಸಿಗುವ ಕಾಲವು ಕಣ್ಣೆವೆ ಮುಚ್ಚಿ ತೆರೆಯುವಷ್ಟು.

ಕಬಡ್ಡಿಯನ್ನು ಬಲ್ಲ ನಮಗೆ ಇದನ್ನು ತಿಳಿಯುವದು ಕಷ್ಟವಲ್ಲ. ನಮ್ಮ ಅಂಕಣದಲ್ಲಿ ಏಳು ಜನ ತಡೆಯುವವರಲ್ಲಿ ಎರಡು ಮೂಲೆಗೆ ಕಾರ್ನರ್ ಆಟಗಾರರು. ಅವರ ಒಳಬದಿಗೆ ಕವರ್ ಆಟಗಾರರು. ದಾಳಿಗೆ ಬಂದವನು ಎಡಗಾಲು ಊರಿದನೆಂದರೆ ಬಲಕ್ಕೆ ತಿರುಗುವನೋ, ಎಡಕ್ಕೆ ಚಾಚುವನೋ ಎಂಬುದನ್ನು ಒಳ್ಳೆಯ ಕವರ್ ಆಟಗಾರನು ಅವನ ನಡುವನ್ನು ನೋಡಿಯೇ ಅರಿತುಕೊಳ್ಳುತ್ತಾನೆ. ಕೈ ಮೋಸ ಮಾಡಬಹುದು, ತಲೆ ಮೋಸ ಮಾಡಬಹುದು. ನಡು ಮೋಸ ಮಾಡುವದಿಲ್ಲ. ಲೈನ್‌ಬ್ಯಾಕರನ ವಿದ್ಯೆಯೂ ಇದೇ. ಚೆಂಡು ಚಲಿಸುವ ಮುನ್ನ ಎದುರು ಪಕ್ಷದವರು ಹೇಗೆ ನಿಂತಿದ್ದಾರೆ, ಯಾರ ತೂಕ ಮುಂಗಾಲಿನ ಮೇಲಿದೆ, ಯಾರು ಎರಡು ಹೆಜ್ಜೆ ಹೊರಕ್ಕೆ ಸರಿದು ನಿಂತಿದ್ದಾರೆ ಎಂಬುದನ್ನು ಓದಿ, ಅದಕ್ಕೆ ತಕ್ಕಂತೆ ತನ್ನ ಪಕ್ಷದ ಹತ್ತು ಜನರನ್ನು ಸಂಜ್ಞೆಯಿಂದ, ಕೂಗಿನಿಂದ ನಿಲ್ಲಿಸಬೇಕು. ತಡೆಯುವ ಪಕ್ಷದ ಒಬ್ಬ ಆಟಗಾರನ ಶಿರಸ್ತ್ರಾಣದಲ್ಲಿ ರೇಡಿಯೋ ಇಡಲು ಅನುಮತಿ ಸಿಕ್ಕಿದ್ದು 2008ರಲ್ಲಿ. ಅದಕ್ಕಿಂತ ಮುಂಚೆ, ಮಿಲ್ಸ್‌ನ ಕಾಲದಲ್ಲಿ, ಇದೆಲ್ಲ ಕಣ್ಣು ಮತ್ತು ತಲೆಯ ಕೆಲಸವೇ ಆಗಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎತ್ತರವನ್ನು ಪಟ್ಟಿಯಿಂದ ಅಳೆಯಬಹುದು, ತೂಕವನ್ನು ತಕ್ಕಡಿಯಿಂದ, ವೇಗವನ್ನು ಗಡಿಯಾರದಿಂದ. ಆದರೆ ಈ ಓದುವ ಶಕ್ತಿಯನ್ನು ಅಳೆಯುವ ಸಾಧನ ಯಾವುದು? ಆಡಲು ಬಿಟ್ಟು ನೋಡುವದೊಂದೇ. ಆಡಲು ಬಿಡದೆಯೇ ಹೊರಗೆ ನಿಲ್ಲಿಸಿದರೆ ಅದು ಎಂದಿಗೂ ತಿಳಿಯದು.

ಬಾಲ್ಯ, ಶಿಕ್ಷಣ, ಎರಡು ನಿರಾಕರಣೆಗಳು

ಸ್ಯಾಮ್ ಮಿಲ್ಸ್‌ನು 1959ನೆಯ ಇಸವಿ ಜೂನ್ 3ರಂದು ಅಮೇರಿಕದ ನ್ಯೂಜರ್ಸಿ ಸಂಸ್ಥಾನದ ನೆಪ್ಚೂನ್ ಎಂಬಲ್ಲಿ ಒಂದು ಕರಿಯ ಕುಟುಂಬದಲ್ಲಿ ಜನಿಸಿದನು. ಸಮುದ್ರದಂಡೆಯ ಲಾಂಗ್ ಬ್ರಾಂಚ್ ಎಂಬ ಊರಿನಲ್ಲಿ ಬೆಳೆದು, ಅಲ್ಲಿಯ ಹೈಸ್ಕೂಲಿನಲ್ಲಿ ಓದಿದನು. ಮುಂದೆ ಅದೇ ಸಂಸ್ಥಾನದ ಮಾಂಟ್‌ಕ್ಲೇರ್ ಸ್ಟೇಟ್ ಕಾಲೇಜನ್ನು ಸೇರಿದನು. ಅದು ಸರಕಾರಿ ಕಾಲೇಜು. ಶಿಕ್ಷಕರನ್ನು ತಯಾರಿಸುವ ಸಂಸ್ಥೆಯಾಗಿ ಆರಂಭವಾದದ್ದು. ಅಮೇರಿಕದ ಕಾಲೇಜು ಕ್ರೀಡೆಯಲ್ಲಿ ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ಮೊದಲನೆಯ ವಿಭಾಗದಲ್ಲಿದ್ದರೆ ಈ ಕಾಲೇಜು ಮೂರನೆಯ ವಿಭಾಗದ್ದು. ಮೂರನೆಯ ವಿಭಾಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವಿಲ್ಲ. ಸಾವಿರಾರು ಪ್ರೇಕ್ಷಕರೂ ಇಲ್ಲ. ಅಲ್ಲಿ ಮಿಲ್ಸ್‌ನು ಎದುರಾಳಿಗಳನ್ನು ಕೆಡವುವದರಲ್ಲಿ ಕಾಲೇಜಿನ ದಾಖಲೆಗಳನ್ನೆಲ್ಲ ಮುರಿದನು.

ವೃತ್ತಿಯ ಆಟಕ್ಕೆ ಅಮೇರಿಕದಲ್ಲಿ ಮುಖ್ಯ ಸಂಸ್ಥೆಯೆಂದರೆ 1920ರಲ್ಲಿ ಓಹಾಯೋದ ಕ್ಯಾಂಟನ್ ಎಂಬ ಊರಲ್ಲಿ ಸ್ಥಾಪಿತವಾದ ನ್ಯಾಷನಲ್ ಫುಟ್ಬಾಲ್ ಲೀಗ್. ವರ್ಷಕ್ಕೊಮ್ಮೆ ಅದರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. 1981ರಲ್ಲಿ 28 ತಂಡಗಳು 12 ಸುತ್ತುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಆರಿಸಿದವು. ಆ ವರ್ಷದ ಎರಡನೆಯ ಹೆಸರೇ ಲಾರೆನ್ಸ್ ಟೇಲರ್. ಆತನು ಮುಂದೆ ಲೈನ್‌ಬ್ಯಾಕರುಗಳಲ್ಲಿ ಅಗ್ರಗಣ್ಯನೆನಿಸಿದನು. ಮುನ್ನೂರು ಹೆಸರುಗಳು ಮುಗಿದರೂ ಮಿಲ್ಸ್‌ನ ಹೆಸರು ಬರಲಿಲ್ಲ.

ಹೆಸರು ಬಾರದವರು ತಾವಾಗಿ ಹೋಗಿ ಪರೀಕ್ಷೆಗೆ ನಿಲ್ಲಬಹುದು. ಮಿಲ್ಸ್‌ನು ಕ್ಲೀವ್‌ಲಂಡ್ ಬ್ರೌನ್ಸ್ ತಂಡದ ತರಬೇತಿ ಶಿಬಿರಕ್ಕೆ ಹೋದನು. ಶಿಬಿರದ ಕೊನೆಯಲ್ಲಿ ಅವನನ್ನು ಕೈಬಿಟ್ಟರು. ಮರುವರ್ಷ, 1982ರಲ್ಲಿ, ಕೆನಡಾ ದೇಶದ ಟೊರಾಂಟೊ ಆರ್ಗೋನಾಟ್ಸ್ ತಂಡಕ್ಕೆ ಹೋದನು. ಅಲ್ಲಿಯೂ ಹಾಗೆಯೇ ಆಯಿತು. ಆಟವು ಚೆನ್ನಾಗಿಲ್ಲವೆಂದಲ್ಲ, ಆಳು ಗಿಡ್ಡನೆಂದು.

ಶಾಲೆಯ ಮಾಸ್ತರ

ಎರಡು ದೇಶಗಳಿಂದ ಹಿಂತಿರುಗಿದ ಮಿಲ್ಸ್‌ನು ನ್ಯೂಜರ್ಸಿಯ ಈಸ್ಟ್ ಆರೆಂಜ್ ಹೈಸ್ಕೂಲಿನಲ್ಲಿ ಮಾಸ್ತರನಾದನು. ಅವನು ಕಲಿಸುತ್ತಿದ್ದ ವಿಷಯಗಳು ಬಡಿಗತನ ಮತ್ತು ಛಾಯಾಚಿತ್ರಕಲೆ. ಅದರೊಡನೆ ಶಾಲೆಯ ಫುಟ್ಬಾಲ್ ತಂಡದ ಹುಡುಗರಿಗೆ ಆಟ ಹೇಳಿಕೊಡುವದೂ ಅವನ ಕೆಲಸವಾಗಿತ್ತು.

ಇವನ ಚರಿತ್ರೆಯನ್ನು ಬರೆದವರಲ್ಲಿ ಬಹಳ ಜನ ಈ ಕಾಲವನ್ನು ಕಷ್ಟಕಾಲವೆಂದು ಬಣ್ಣಿಸುತ್ತಾರೆ. ನನಗೆ ಹಾಗೆನಿಸುವದಿಲ್ಲ. ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲಿಗ. ಅಪ್ಪ ಸುಗ್ಗಿಯ ಕಾಲಕ್ಕೆ ಕಬ್ಬು ಕಡಿಯುವ ಗ್ಯಾಂಗಿನೊಡನೆ ಹೋಗುತ್ತಾನೆ. ಅವ್ವ ಕಳೆ ತೆಗೆಯಲು ಹೋಗುತ್ತಾಳೆ. ನನ್ನ ಮಗ ಸಾಲಿ ಮಾಸ್ತರ ಆದರ ಸಾಕು ಎಂಬುದು ಅಪ್ಪನ ಎಲ್ಲಕ್ಕೂ ಮೇಲಿನ ಆಸೆ. ಅಂಥ ಮನೆಯಿಂದ ಬಂದವನಿಗೆ ಶಾಲೆಯ ಮಾಸ್ತರಕಿಯು ಸೋಲಾಗಿ ಹೇಗೆ ಕಾಣಬೇಕು? ಮಿಲ್ಸ್‌ನ ಬಳಿ ಪದವಿ ಇತ್ತು. ಆದುದರಿಂದಲೇ ಆಟದ ಬಾಗಿಲು ಎರಡು ಸಲ ಮುಚ್ಚಿದರೂ ಅವನು ಬೀದಿಪಾಲಾಗಲಿಲ್ಲ. ಆಟವನ್ನು ಕನಸು ಕಾಣುವ ನನ್ನ ಮಿತ್ರರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಓದು ಅವನ ಕಾಲ ಕೆಳಗಿನ ನೆಲವಾಗಿತ್ತು. ನೆಲ ಗಟ್ಟಿಯಿದ್ದುದರಿಂದ ಮತ್ತೊಮ್ಮೆ ಹಾರಲು ಅವನಿಗೆ ಸಾಧ್ಯವಾಯಿತು.

ಹೊಸದಾಗಿ ಕಟ್ಟಿದ ಬಾಗಿಲು

1983ರಲ್ಲಿ ಯುನೈಟೆಡ್ ಸ್ಟೇಟ್ಸ್ ಫುಟ್ಬಾಲ್ ಲೀಗ್ ಎಂಬ ಹೊಸ ಸಂಸ್ಥೆ ಹುಟ್ಟಿತು. ಹಳೆಯ ಲೀಗಿನ ಆಟಗಳು ಚಳಿಗಾಲದಲ್ಲಿ ನಡೆದರೆ ಇದರ ಆಟಗಳು ವಸಂತಕಾಲದಲ್ಲಿ. ಹೊಸ ತಂಡಗಳಿಗೆ ಆಟಗಾರರು ಬೇಕಾಗಿದ್ದರು. ಆಗ ನಡೆದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಮಿಲ್ಸ್‌ನನ್ನು ಕೈಬಿಟ್ಟಿದ್ದ ಬ್ರೌನ್ಸ್ ತಂಡದ ಮುಖ್ಯ ತರಬೇತಿದಾರ ಸ್ಯಾಮ್ ರುಟಿಗ್ಲಿಯಾನೊನೇ ಫಿಲಡೆಲ್ಫಿಯಾ ಸ್ಟಾರ್ಸ್ ಎಂಬ ಹೊಸ ತಂಡದ ವ್ಯವಸ್ಥಾಪಕನಿಗೆ ಅವನ ಹೆಸರನ್ನು ಶಿಫಾರಸು ಮಾಡಿದನು. ತಾನು ಬೇಡವೆಂದವನನ್ನು ಇನ್ನೊಬ್ಬರಿಗೆ ಒಳ್ಳೆಯವನೆಂದು ಹೇಳುವದಕ್ಕೆ ದೊಡ್ಡ ಮನಸ್ಸು ಬೇಕು.

ಸ್ಟಾರ್ಸ್ ತಂಡದ ತರಬೇತಿದಾರ ಜಿಮ್ ಮೋರಾ ಎಂಬವನು. ಅವನೂ ಮೊದಲು ಮಿಲ್ಸ್‌ನ ಎತ್ತರವನ್ನು ಕಂಡು ಅನುಮಾನಿಸಿದನು. ಆದರೆ ಆಡಲು ಬಿಟ್ಟನು. ಚೆಂಡು ಎಲ್ಲಿ ಬಿದ್ದರೂ ಅಲ್ಲಿ ಮಿಲ್ಸ್‌ನಿರುತ್ತಿದ್ದನು. ಜೊತೆಗಾರರು ಅವನಿಗೆ ‘ಹೊಲದ ಇಲಿ’ ಎಂದು ಅಡ್ಡಹೆಸರಿಟ್ಟರು. ಕಬ್ಬಿನ ಗದ್ದೆಯಲ್ಲಿ ಇಲಿಯನ್ನು ಅಟ್ಟಿ ನೋಡಿದವರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡ್ಡತನವೇ ಇಲ್ಲಿ ಉಪಯೋಗಕ್ಕೆ ಬಂದಿತು. ಆರೂವರೆ ಅಡಿಯ ಆಳುಗಳು ಮುಂದೆ ನಿಂತಾಗ ಅವರ ಹಿಂದಿನ ಇವನನ್ನು ಎದುರಾಳಿ ಕಾಣುತ್ತಿರಲಿಲ್ಲ. ಇವನು ಮಾತ್ರ ಅವರ ಕಾಲುಗಳ ಸಂದಿಯಿಂದ ಎಲ್ಲವನ್ನೂ ಕಾಣುತ್ತಿದ್ದನು. ಹಿಡಿತದಲ್ಲಿಯೂ ಹಾಗೆಯೇ. ಕೆಳಗಿನಿಂದ ಹಿಡಿದವನಿಗೆ ಬಲ ಹೆಚ್ಚೆಂಬುದನ್ನು ಗರಡಿಯಲ್ಲಿ ಮೊದಲ ದಿನವೇ ಕಲಿಸುತ್ತಾರಲ್ಲವೆ?

ಆ ಲೀಗು ಮೂರು ವರ್ಷ ನಡೆಯಿತು. ಸ್ಟಾರ್ಸ್ ತಂಡವು ಮೂರು ವರ್ಷವೂ ಅಂತಿಮ ಪಂದ್ಯವನ್ನು ತಲುಪಿ, 1984 ಮತ್ತು 1985ರಲ್ಲಿ ಗೆದ್ದಿತು. ಮುಂದೆ ಹೊಸ ಲೀಗು ಹಳೆಯ ಲೀಗಿನ ಮೇಲೆ ಏಕಸ್ವಾಮ್ಯದ ದಾವೆಯನ್ನು ಹೂಡಿತು. 1986ರಲ್ಲಿ ತೀರ್ಪು ಹೊಸ ಲೀಗಿನ ಪರವಾಗಿ ಬಂದರೂ ಪರಿಹಾರವೆಂದು ಕೊಟ್ಟದ್ದು ಒಂದೇ ಒಂದು ಡಾಲರ್. ಕಾನೂನಿನಂತೆ ಅದನ್ನು ಮೂರು ಪಟ್ಟು ಮಾಡಿ ಮೂರು ಡಾಲರ್. ಗೆದ್ದೂ ಸೋತ ಆ ಲೀಗು ಅಲ್ಲಿಗೆ ಮುಚ್ಚಿತು.

ನ್ಯೂ ಆರ್ಲಿಯನ್ಸ್: ಒಂಬತ್ತು ವರ್ಷಗಳು

1986ರಲ್ಲಿ ಜಿಮ್ ಮೋರಾನು ಹಳೆಯ ಲೀಗಿನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ ತರಬೇತಿದಾರನಾಗಿ ಹೋಗುವಾಗ ಮಿಲ್ಸ್‌ನನ್ನೂ ಕರೆದೊಯ್ದನು. ಐದು ವರ್ಷಗಳ ಹಿಂದೆ ಯಾರಿಗೂ ಬೇಡವಾಗಿದ್ದವನು ತನ್ನ 27ನೆಯ ವಯಸ್ಸಿನಲ್ಲಿ ಮುಂಬಾಗಿಲಿನಿಂದಲೇ ಒಳಗೆ ಬಂದನು.

ಸೇಂಟ್ಸ್ ತಂಡವು 1967ರಲ್ಲಿ ಹುಟ್ಟಿದ್ದು. ಹುಟ್ಟಿದ ದಿನದಿಂದ ಇಪ್ಪತ್ತು ವರ್ಷ ಒಂದು ಸಲವಾದರೂ ಸೋಲಿಗಿಂತ ಗೆಲುವು ಹೆಚ್ಚಾದ ವರ್ಷವನ್ನು ಅದು ಕಂಡಿರಲಿಲ್ಲ. 1987ರಲ್ಲಿ 12 ಪಂದ್ಯಗಳನ್ನು ಗೆದ್ದು ಮೂರನ್ನು ಮಾತ್ರ ಸೋತಿತು. ಮೂವರು ಮುಂದೆ, ಅವರ ಹಿಂದೆ ನಾಲ್ವರು ಲೈನ್‌ಬ್ಯಾಕರುಗಳು, ಇದು ಆ ತಂಡದ ವ್ಯೂಹ. ರಿಕಿ ಜಾಕ್ಸನ್, ವಾಹನ್ ಜಾನ್ಸನ್, ಪ್ಯಾಟ್ ಸ್ವಿಲಿಂಗ್ ಮತ್ತು ಸ್ಯಾಮ್ ಮಿಲ್ಸ್, ಈ ನಾಲ್ವರಿಗೆ ಜನರು ‘ಗುಮ್ಮಟದ ಕಾವಲುಪಡೆ’ ಎಂದು ಹೆಸರಿಟ್ಟರು. ಅವರ ಕ್ರೀಡಾಂಗಣಕ್ಕೆ ಗುಮ್ಮಟದಂಥ ಛಾವಣಿಯಿತ್ತು. 1991, 1992ರ ಎರಡೂ ವರ್ಷಗಳಲ್ಲಿ ಇಡೀ ಲೀಗಿನಲ್ಲಿ ಅತಿ ಕಡಿಮೆ ಅಂಕಗಳನ್ನು ಬಿಟ್ಟುಕೊಟ್ಟ ತಂಡ ಇದೇ. 1992ರ ಸಾಲಿನಲ್ಲಿ ಈ ನಾಲ್ವರೂ ವರ್ಷದ ಶ್ರೇಷ್ಠ ಆಟಗಾರರ ‘ಪ್ರೊ ಬೌಲ್’ ಪಂದ್ಯಕ್ಕೆ ಆಯ್ಕೆಯಾದರು. ಒಂದೇ ತಂಡದ ನಾಲ್ವರು ಲೈನ್‌ಬ್ಯಾಕರುಗಳಿಗೆ ಒಂದೇ ವರ್ಷ ಈ ಗೌರವ ಹಿಂದೆಂದೂ ಸಂದಿರಲಿಲ್ಲ.

ಆದರೆ ಸತ್ಯವನ್ನು ಮುಚ್ಚಿಡಬಾರದು. ನಾಲ್ಕು ಸಲ ಅಂತಿಮ ಹಂತದ ಪಂದ್ಯಗಳಿಗೆ ಹೋದರೂ ಮಿಲ್ಸ್‌ನಿದ್ದ ಸೇಂಟ್ಸ್ ತಂಡವು ಅವುಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ತಡೆಯುವವನ ವೃತ್ತಿಯ ಸ್ವಭಾವವೇ ಇದು. ಅವನು ಸೋಲನ್ನು ತಡೆಯಬಲ್ಲನು. ಗೆಲುವಿನ ಅಂಕಗಳನ್ನು ಬೇರೆಯವರು ತರಬೇಕು.

ಶಾರ್ಲೆಟ್: ಮುಪ್ಪಿನಲ್ಲಿ ಮರುಹುಟ್ಟು

1995ರಲ್ಲಿ ಉತ್ತರ ಕ್ಯಾರೊಲೈನಾದ ಶಾರ್ಲೆಟ್ ನಗರದ ಕ್ಯಾರೊಲೈನಾ ಪ್ಯಾಂಥರ್ಸ್ ಎಂಬ ಹೊಸ ತಂಡವು ಆಟವನ್ನು ಆರಂಭಿಸಿತು. ಮಿಲ್ಸ್‌ನು ಅಲ್ಲಿಗೆ ಹೋದಾಗ ಅವನ ವಯಸ್ಸು 36ರ ಹತ್ತಿರ. ಈ ಆಟದಲ್ಲಿ ಅದು ಮುಪ್ಪು. ಹೊಸ ತಂಡವು ಮೊದಲಿನ ಐದು ಪಂದ್ಯಗಳನ್ನೂ ಸೋತಿತು. ಅಕ್ಟೋಬರ 15ರಂದು ನ್ಯೂಯಾರ್ಕ್ ಜೆಟ್ಸ್ ಎದುರಿನ ಪಂದ್ಯದಲ್ಲಿ ಎದುರಾಳಿಯು ಹತ್ತಿರದವನಿಗೆ ಮೆಲ್ಲಗೆ ದಾಟಿಸಿದ ಚೆಂಡನ್ನು ಮಿಲ್ಸ್‌ನು ನಡುವೆಯೇ ಕಸಿದುಕೊಂಡು 36 ಗಜ ಓಡಿ ಗೆರೆ ದಾಟಿದನು. ಅದೇ ಪ್ಯಾಂಥರ್ಸ್ ತಂಡದ ಚರಿತ್ರೆಯ ಮೊದಲ ಗೆಲುವಾಯಿತು. ಮರುವರ್ಷ ಅವರು 12 ಪಂದ್ಯಗಳನ್ನು ಗೆದ್ದು, ಸೂಪರ್ ಬೌಲ್ ಎಂಬ ಮಹಾ ಅಂತಿಮ ಪಂದ್ಯಕ್ಕೆ ಒಂದೇ ಮೆಟ್ಟಿಲಿನವರೆಗೆ ಹೋಗಿ ಸೋತರು. ಆ ವರ್ಷ 37ರ ಮಿಲ್ಸ್‌ನು ಐದನೆಯ ಸಲ ಪ್ರೊ ಬೌಲಿಗೆ ಆಯ್ಕೆಯಾದನು.

1997ರ ಸಾಲಿನ ಕೊನೆಗೆ ಆತನು ನಿವೃತ್ತನಾದನು. ಹಳೆಯ ಲೀಗಿನಲ್ಲಿ 12 ವರ್ಷ, 181 ಪಂದ್ಯಗಳು, 1,300ಕ್ಕೂ ಮೇಲೆ ಹಿಡಿತಗಳು, ಇದು ‘ಗಿಡ್ಡ’ನ ಲೆಕ್ಕ. ಕ್ರೀಡಾಂಗಣದ ಹೊರಗೆ ಅವನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ತಾನು ತರಬೇತಿ ಕೊಟ್ಟ ಆಟಗಾರರಲ್ಲೆಲ್ಲ ಇವನೇ ಶ್ರೇಷ್ಠನೆಂದು ಜಿಮ್ ಮೋರಾನು ಹೇಳಿದನು.

ಈ ವೃತ್ತಿಗೆ ತೆರುವ ಬೆಲೆ

ಆದರೆ ಈ ಆಟವನ್ನು ಬರಿದೆ ಹೊಗಳಿ ಮುಗಿಸಿದರೆ ಅಭ್ಯಾಸವು ಅಪೂರ್ಣವಾದೀತು. ದಿನವೂ ತಲೆಗೆ ತಲೆ ತಾಗಿಸುವ ಆಟವಿದು. ಪೆಟ್ಟುಗಳು ಒಂದೊಂದಾಗಿ ಸಣ್ಣವಾದರೂ ವರ್ಷಗಟ್ಟಲೆ ಕೂಡಿದಾಗ ಮೆದುಳನ್ನು ಕೆಡಿಸುತ್ತವೆಂದು ವೈದ್ಯರು ಕಂಡುಕೊಂಡಿದ್ದಾರೆ. 2002ರಲ್ಲಿ ತೀರಿಕೊಂಡ ಮೈಕ್ ವೆಬ್‌ಸ್ಟರ್ ಎಂಬ ಆಟಗಾರನ ಮೆದುಳಿನಲ್ಲಿ ಡಾಕ್ಟರ್ ಬೆನೆಟ್ ಒಮಾಲು ಈ ರೋಗವನ್ನು ಗುರುತಿಸಿದರು. ಇಪ್ಪತ್ತು ವರ್ಷ ಲೈನ್‌ಬ್ಯಾಕರನಾಗಿ ಆಡಿದ ಜೂನಿಯರ್ ಸೆಯಾವ್‌ನು 2012ರಲ್ಲಿ, 43ನೆಯ ವಯಸ್ಸಿನಲ್ಲಿ, ತನ್ನ ಕೈಯಾರೆ ಜೀವ ಕಳೆದುಕೊಂಡನು. ಪರೀಕ್ಷಿಸಿದಾಗ ಅವನ ಮೆದುಳಿನಲ್ಲಿಯೂ ಅದೇ ರೋಗವಿತ್ತು. 2017ರಲ್ಲಿ ಬಾಸ್ಟನ್ನಿನ ಸಂಶೋಧಕರು ಈ ಲೀಗಿನಲ್ಲಿ ಆಡಿದ್ದ 111 ಜನರ ಮೆದುಳುಗಳನ್ನು ನೋಡಿದಾಗ 110ರಲ್ಲಿ ರೋಗದ ಗುರುತುಗಳು ಕಂಡವು. ರೋಗದ ಸಂದೇಹವಿದ್ದ ಕುಟುಂಬಗಳೇ ಹೆಚ್ಚಾಗಿ ಮೆದುಳುಗಳನ್ನು ದಾನ ಮಾಡಿದ್ದವಾದ್ದರಿಂದ ಎಲ್ಲ ಆಟಗಾರರಿಗೂ ಈ ಲೆಕ್ಕವನ್ನು ಅನ್ವಯಿಸಲಾಗದು. ಆದರೂ ಸಂಖ್ಯೆ ಭಯಂಕರವೇ. 2015ರಲ್ಲಿ ಕ್ರಿಸ್ ಬೋರ್ಲಂಡ್ ಎಂಬ ಲೈನ್‌ಬ್ಯಾಕರನು ಒಂದೇ ವರ್ಷ ಆಡಿ, 24ನೆಯ ವಯಸ್ಸಿನಲ್ಲಿ, ಮೆದುಳನ್ನು ಉಳಿಸಿಕೊಳ್ಳುವದಕ್ಕೆಂದು ಆಟವನ್ನು ಬಿಟ್ಟನು. ಆಡಿದವನ ಧೈರ್ಯವನ್ನು ಮೆಚ್ಚುವ ನಾವು ಬಿಟ್ಟವನ ಧೈರ್ಯವನ್ನೂ ಮೆಚ್ಚಬೇಕು.

ಕೊನೆಯ ಪಾಠ

ಮಿಲ್ಸ್‌ನು ನಿವೃತ್ತನಾದ ಮೇಲೆ ಮತ್ತೆ ಮಾಸ್ತರನೇ ಆದನು. ಪ್ಯಾಂಥರ್ಸ್ ತಂಡದ ಲೈನ್‌ಬ್ಯಾಕರುಗಳಿಗೆ ಆಟ ಕಲಿಸತೊಡಗಿದನು. 2003ರ ಆಗಸ್ಟಿನಲ್ಲಿ ಅವನಿಗೆ ಕರುಳಿನ ಕ್ಯಾನ್ಸರ್ ಇರುವದು ತಿಳಿದುಬಂದಿತು. ಅದೇ ತಿಂಗಳಲ್ಲಿ ಅವನ ಶಿಷ್ಯನಾದ ಮಾರ್ಕ್ ಫೀಲ್ಡ್ಸ್ ಎಂಬ ಲೈನ್‌ಬ್ಯಾಕರನಿಗೂ ಬೇರೊಂದು ಬಗೆಯ ಕ್ಯಾನ್ಸರ್ ಇರುವದು ಗೊತ್ತಾಯಿತು. ಔಷಧೋಪಚಾರ ನಡೆದಿರುವಾಗಲೂ ಮಿಲ್ಸ್‌ನು ಮೈದಾನಕ್ಕೆ ಬಂದು ಪಾಠ ಹೇಳುವದನ್ನು ಬಿಡಲಿಲ್ಲ.

2004ರ ಜನವರಿ 3ರಂದು ಡಲಾಸ್ ತಂಡದೊಡನೆ ಮಹತ್ವದ ಪಂದ್ಯವಿತ್ತು. ಅದಕ್ಕೆ ಮುಂಚೆ ಆತನು ಆಟಗಾರರನ್ನು ಕುರಿತು ಮಾತಾಡಿದನು. ರೋಗವು ತಿಳಿದಾಗ ತನ್ನ ಮುಂದೆ ಎರಡೇ ದಾರಿಗಳಿದ್ದವೆಂದೂ, ಒಂದು ಕೈಚೆಲ್ಲುವದು, ಇನ್ನೊಂದು ಬಡಿಯುತ್ತಲೇ ಇರುವದೆಂದೂ, ತಾನು ಎರಡನೆಯದನ್ನು ಆರಿಸಿದೆನೆಂದೂ ಹೇಳಿ, ‘ನೀವೂ ಬಡಿಯುತ್ತಲೇ ಇರಿ’ ಎಂದನು. ತಂಡವು ಅಂದು 29-10ರಿಂದ ಗೆದ್ದಿತು. ಮುಂದೆಯೂ ಗೆಲ್ಲುತ್ತ ಹೋಗಿ, ಫೆಬ್ರುವರಿ 1ರಂದು ಸೂಪರ್ ಬೌಲಿನಲ್ಲಿ 32-29ರಿಂದ, ಮೂರೇ ಅಂಕಗಳಿಂದ, ಸೋತಿತು. 2005ರ ಏಪ್ರಿಲ್ 18ರಂದು ಮಿಲ್ಸ್‌ನು 45ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನು ತೊಡುತ್ತಿದ್ದ 51ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡಬಾರದೆಂದು ತಂಡವು ನಿಶ್ಚಯಿಸಿತು. ಅವನ ಆ ಮಾತು ತಂಡದ ಘೋಷವಾಯಿತು. ಇಂದಿಗೂ ಸ್ವಂತ ಮೈದಾನದ ಪಂದ್ಯಕ್ಕೆ ಮುಂಚೆ ಅಲ್ಲಿ ಒಂದು ದೊಡ್ಡ ನಗಾರಿಯನ್ನು ಬಾರಿಸುತ್ತಾರೆ.

ಈ ಆಟದ ಅತ್ಯುಚ್ಚ ಗೌರವವೆಂದರೆ ಕ್ಯಾಂಟನ್ನಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆಯುವದು. ಇಲ್ಲಿಯೂ ಮಿಲ್ಸ್‌ನು ಬಾಗಿಲಲ್ಲಿ ಬಹುಕಾಲ ಕಾಯಬೇಕಾಯಿತು. ಸಾಮಾನ್ಯ ಆಯ್ಕೆಗೆ ಅರ್ಹನಾಗಿದ್ದ 20 ವರ್ಷಗಳಲ್ಲಿ ಕೊನೆಯದಾದ 2022ರಲ್ಲಿ ಅವನನ್ನು ಆರಿಸಿದರು. ಅವನ ಪರವಾಗಿ ಅವನ ಪತ್ನಿ ಆ ಗೌರವವನ್ನು ಸ್ವೀಕರಿಸಿದಳು.

ನಮಗೆ ಇದರಿಂದೇನು?

ಅಮೇರಿಕದ ಈ ಆಟವು ನಮ್ಮ ನಾಡಿನಲ್ಲಿ ಬೇರುಬಿಟ್ಟಿಲ್ಲ. 2012ರಲ್ಲಿ ಎಲೀಟ್ ಫುಟ್ಬಾಲ್ ಲೀಗ್ ಎಂಬ ಹೆಸರಿನಿಂದ ಅದನ್ನು ಭಾರತಕ್ಕೆ ತರುವ ಯತ್ನ ನಡೆದು, ಬೆಂಗಳೂರು ವಾರ್‌ಹಾಕ್ಸ್ ಎಂದು ನಮ್ಮ ರಾಜಧಾನಿಯ ಹೆಸರಿನ ತಂಡವೂ ಹುಟ್ಟಿತ್ತು. ಆದರೆ ಆ ಯತ್ನವು ನೆಲೆ ನಿಲ್ಲಲಿಲ್ಲ. ನಮ್ಮಲ್ಲಿ ಹಿಡಿತದ ಆಟವೆಂದರೆ ಕಬಡ್ಡಿಯೇ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಂದಿನಿಂದ ಅದೂ ಹಣ ತರುವ ವೃತ್ತಿಯಾಗಿದೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಅದರ ಪ್ರಶಸ್ತಿಯನ್ನು ಗೆದ್ದಾಗ ನಮ್ಮ ಓಣಿಯ ಹುಡುಗರು ಮಧ್ಯರಾತ್ರಿಯವರೆಗೆ ಕುಣಿದುದು ನನಗಿನ್ನೂ ನೆನಪಿದೆ. ಆದ್ದರಿಂದ ಮಿಲ್ಸ್‌ನ ಕಥೆಯು ದೂರದೇಶದ್ದೆಂದು ಬದಿಗಿಡುವಂತಿಲ್ಲ. ಆಯ್ಕೆಯ ಸಾಲುಗಳು ಇಲ್ಲಿಯೂ ಇವೆ. ಸಾಲಿನಿಂದ ಹೊರಗೆ ನಿಂತವರೂ ಇದ್ದಾರೆ.

ಶ್ರಮಪಟ್ಟರೆ ಎಲ್ಲವೂ ಸಾಧ್ಯವೆಂಬ ಮಾತನ್ನು ನಾನು ಇಲ್ಲಿ ಹೇಳುವದಿಲ್ಲ. ಮಿಲ್ಸ್‌ನಷ್ಟೇ ಶ್ರಮಪಟ್ಟು ಹೆಸರಿಲ್ಲದೆ ಹೋದವರು ಎಷ್ಟು ಜನರೋ! 1983ರಲ್ಲಿ ಆ ಹೊಸ ಲೀಗು ಹುಟ್ಟದಿದ್ದರೆ, ಕೈಬಿಟ್ಟವನೇ ಶಿಫಾರಸು ಮಾಡದಿದ್ದರೆ, ಮೋರಾನು ಅನುಮಾನಿಸುತ್ತಲೇ ಆದರೂ ಆಡಲು ಬಿಡದಿದ್ದರೆ, ಆತನು ಈಸ್ಟ್ ಆರೆಂಜಿನ ಒಳ್ಳೆಯ ಮಾಸ್ತರನಾಗಿಯೇ ಉಳಿಯುತ್ತಿದ್ದನು. ಹೀಗಾಗಿ ಈ ಚರಿತ್ರೆಯ ಪಾಠವು ಎರಡು ಮುಖವಾಗಿದೆ. ಹೊರಗೆ ನಿಂತವನಿಗೆ ಅದು ಹೇಳುವದು: ನಿನ್ನ ಕಾಲ ಕೆಳಗಿನ ನೆಲವನ್ನು ಗಟ್ಟಿ ಮಾಡಿಕೊ, ಅಭ್ಯಾಸವನ್ನು ಬಿಡಬೇಡ. ಆರಿಸುವವನಿಗೆ ಅದು ಹೇಳುವದು: ಅಳೆಯುವದಕ್ಕೆ ಮುಂಚೆ ಒಂದು ಸಲ ಆಡಲು ಬಿಟ್ಟು ನೋಡು.

ನಾನು ಮುಂದೆ ಬಿ.ಎಡ್. ಮುಗಿಸಿ ಮಾಸ್ತರನಾಗಬೇಕೆಂದಿದ್ದೇನೆ. ಆದರೆ ನನ್ನ ಶಾಲೆಯಲ್ಲಿಯೂ ಒಂದು ದಿನ ಕಬಡ್ಡಿಯ ಆಯ್ಕೆ ನಡೆದೀತು. ಸಾಲಿನ ತುದಿಗೆ ಗಿಡ್ಡ ಹುಡುಗನೊಬ್ಬನು ನಿಂತಿದ್ದಾನು. ಅವನನ್ನು ಅಂಕಣಕ್ಕೆ ಕರೆದು, “ಬಾ ತಮ್ಮಾ, ಒಂದ್ ರೈಡ್ ಹಿಡದ್ ತೋರಸು” ಎಂದು ಹೇಳುವಷ್ಟು ಬುದ್ಧಿಯು ಅಂದು ನನಗಿರಲಿ.